ಎ321 ಎಕ್ಸ್‌ಎಲ್‌ಆರ್: 2019, 2022, 2024ರಲ್ಲಿ ಯಾವ್ದು ಸರಿ?

ಏರ್‌ಬಸ್ ಕಂಪನಿಯ ಎ321 ಎಕ್ಸ್‌ಎಲ್‌ಆರ್ ವಿಮಾನದ 'ಆರಂಭ' ಅಂತ ಸೆಮಿನಾರ್‌ಗೆ ಈ ಮೂರರಲ್ಲಿ ಯಾವ ವರ್ಷ ಹಾಕ್ಲಿ ಅಂತ ಕೇಳಿದೀರಲ್ಲ, ಮೂರೂ ಸರಿನೇ, ಬಹುಶಃ ಘೋಷಣೆ, ಮೊದಲ ಹಾರಾಟ, ಸರ್ವಿಸ್ ಎಲ್ಲಾ ನಿಮ್ಮ ಟೇಬಲ್ಲಿನ ಒಂದೇ ಕಾಲಮ್ಮಲ್ಲಿ ಸೇರ್ಕೊಂಡಿದೆ. ನನ್ನ ಪ್ರಾಜೆಕ್ಟಲ್ಲೂ ಹಿಂಗೇ ಆಗಿತ್ತು.

ಮೊದ್ಲು ಕಾಲಮ್ ಬೇರೆ ಮಾಡಿ. 2019 ಜೂನ್ ಪ್ಯಾರಿಸ್ ಏರ್ ಶೋಲಿ ಘೋಷಣೆ, 2022 ಜೂನ್ 15ಕ್ಕೆ ಹ್ಯಾಂಬರ್ಗಲ್ಲಿ ಮೊದಲ ಹಾರಾಟ, 2024 ಜುಲೈಲಿ ಯುರೋಪಿನ ಸುರಕ್ಷತಾ ಸರ್ಟಿಫಿಕೇಟ್ (ಈ ವಿಮಾನಕ್ಕೆ ಎರಡು ಥರ ಇಂಜಿನ್ ಇದೆ, ಇದು ಲೀಪ್ ಅನ್ನೋ ಇಂಜಿನ್ ಇರೋದಕ್ಕೆ ಮಾತ್ರ, ಪ್ರಾಟ್ ಅನ್ನೋ ಇಂಜಿನ್‌ದು 2025ರಲ್ಲಿ), 2024 ನವೆಂಬರಲ್ಲಿ ಸ್ಪೇನಿನ ವಿಮಾನ ಕಂಪನಿ ಐಬೀರಿಯಾದವರು ಮ್ಯಾಡ್ರಿಡ್-ಬಾಸ್ಟನ್ ಶುರು ಮಾಡಿದ್ರು.

ಆಮೇಲೆ ಸರ್ವಿಸಿಗೆ ಬರೋ ಮೂಲ ಗುರಿ 2023 ಇತ್ತು ಅನ್ನೋದನ್ನ ದಯವಿಟ್ಟು ಬಿಡ್ಬೇಡಿ, ಲೇಟಾಗಿದ್ದಕ್ಕೆ ದೊಡ್ಡ ಕಾರಣ ಹಿಂದಿನ ಇಂಧನ ಟ್ಯಾಂಕು, ಅದು ವಿಮಾನದ ಮೈಗೇ ಕೂಡ್ಕೊಂಡಿರೋದ್ರಿಂದ ಹೊರಗಡೆ ಬೆಂಕಿ ಹತ್ಕೊಂಡ್ರೆ ಮೇಲೆ ಕೂತಿರೋ ಜನದ ಗತಿ ಏನು ಅಂತ ಸುರಕ್ಷತೆ ನೋಡೋ ಸಂಸ್ಥೆಯವ್ರು ಪಟ್ಟು ಹಿಡಿದ್ರು, ಹಿಡೀಲೇಬೇಕಿತ್ತು ಕೂಡ.

ಬೇಡಿಕೆ ಸ್ಲೈಡಲ್ಲಿ ಆರ್ಡರು, ಡೆಲಿವರಿ ಬೇರೆ ಬೇರೆ ಇಡಿ. ಆರ್ಡರ್ 500 ದಾಟಿದೆ. ಯಾಕೆ ಅಂತ ನಿಮ್ ಮೈಸೂರು ಕ್ಲಾಸಿಗೆ ಹೇಳೋದು ಸುಲಭ: ಮಂಡ್ಯದಿಂದ ಮೇಲುಕೋಟೆಗೆ ದಿನಾ ವೋಲ್ವೋ ಬಿಟ್ರೆ ಸೀಟು ತುಂಬಲ್ಲ, ಚಿಕ್ಕ ಬಸ್ಸಾದ್ರೆ ಗಿಟ್ಟತ್ತೆ, ಈ ವಿಮಾನಾನೂ ಅಷ್ಟೆ, ದೊಡ್ಡ ವಿಮಾನ ತುಂಬದ ದೂರದ ರೂಟಲ್ಲಿ ಸುಮಾರು 200 ಜನಾನ 8,700 ಕಿ.ಮೀ.ವರೆಗೆ ಒಯ್ಯತ್ತೆ. ಅಮೆರಿಕದ ವಿಮಾನ ಕಂಪನಿ ಯುನೈಟೆಡ್ 2019ರಲ್ಲಿ 50 ಬುಕ್ ಮಾಡಿದ್ದೂ ಹಳೇ ಬೋಯಿಂಗ್ 757 ಜಾಗಕ್ಕೇ.

ನಿಮ್ಮ ಗೈಡ್ 'ಆರಂಭ' ಅಂದ್ರೆ ಯಾವ್ದನ್ನ ಅಂದ್ಕೊಂಡಿದಾರೋ ನಾನು ಹೇಳಕ್ಕಾಗಲ್ಲ, ಕೇಳ್ಕೊಳ್ಳಿ, ಸಿಗ್ಲಿಲ್ಲ ಅಂದ್ರೆ 2024 ನವೆಂಬರ್ ಹಾಕಿ.