ನಮ್ಮ ಮಳೆ, ಹಲವು ದೇಶಗಳ ಅಳತೆ

ಮುಂಗಾರಿನ ಮುನ್ಸೂಚನೆಯನ್ನು ಕುರಿತು ಕಳೆದ ಸಂಚಿಕೆಯಲ್ಲಿ ಬಂದ ಪುಟ್ಟ ಟಿಪ್ಪಣಿಯೊಂದರಲ್ಲಿ, ಭಾರತದ ಮಳೆಯ ಲೆಕ್ಕಕ್ಕೆ ಬೇಕಾಗುವ ಅಳತೆಗಳಲ್ಲಿ ಬಹುಪಾಲು ಭಾರತದ ಗಡಿಯ ಹೊರಗಿನವು ಎಂಬ ಮಾತಿತ್ತು. ಆ ಮಾತನ್ನು ಹಿಡಿದು ಓದುಗರು ಕೇಳಿರುವ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಮಳೆ ಬೀಳಬೇಕಾದದ್ದು ನಮ್ಮ ಹೊಲಕ್ಕೆ. ಆದರೆ ಏಪ್ರಿಲ್ ಬಂತೆಂದರೆ ಪತ್ರಿಕೆಗಳ ತುಂಬ ಪೆಸಿಫಿಕ್ ಸಾಗರ, ಎಲ್ ನಿನೊ ಎಂಬ ಮಾತುಗಳೇ. ನಮ್ಮ ಶೇಂಗಾ ಬಿತ್ತನೆಗೂ ಪೆರು ದೇಶದ ಕಡಲಿನ ನೀರಿಗೂ ಏನು ಸಂಬಂಧ? ಇದನ್ನು ಮೊದಲು ಕಂಡವರು ಯಾರು?
— ರೈತರೊಬ್ಬರು, ಚಳ್ಳಕೆರೆ

ಉತ್ತರ: ಸಂಬಂಧವಿದೆ. ಆದರೆ ಅದರ ಒಂದು ತುದಿ ಹಿಂದೂ ಮಹಾಸಾಗರದ ಕಡೆಗೂ ಇನ್ನೊಂದು ತುದಿ ಪೆಸಿಫಿಕ್‌ನ ಪೂರ್ವ ಭಾಗಕ್ಕೂ ಚಾಚಿಕೊಂಡಿರುವುದರಿಂದ, ತಮ್ಮ ತಮ್ಮ ದೇಶದೊಳಗಷ್ಟೇ ಅಳೆಯುತ್ತಿದ್ದವರ ಕಣ್ಣಿಗೆ ಅದು ಬೀಳುವಂತಿರಲಿಲ್ಲ.

ಹಳೆಯ ಮೈಸೂರು ಸೀಮೆಯವರು ಧಾತು, ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತಿದ್ದ 1876–78ರ ಕ್ಷಾಮದಲ್ಲಿ ಸಂಸ್ಥಾನ ಎಷ್ಟು ಜನರನ್ನು ಕಳೆದುಕೊಂಡಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ: 1871ರಲ್ಲಿ 50 ಲಕ್ಷ ದಾಟಿದ್ದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ನಿಮ್ಮ ಚಿತ್ರದುರ್ಗದ ಸೀಮೆಯೂ ಆ ಸಂಸ್ಥಾನಕ್ಕೆ ಸೇರಿತ್ತು. ಭಾರತದ ಹವಾಮಾನ ಇಲಾಖೆ ಆಗಷ್ಟೇ, ಅಂದರೆ 1875ರಲ್ಲಿ, ಆರಂಭವಾಗಿತ್ತು. ಅದರ ಮೊದಲ ಮುಖ್ಯಸ್ಥರಾಗಿದ್ದ ಹೆನ್ರಿ ಬ್ಲಾನ್‌ಫೋರ್ಡ್ ಆ ಬರದ ದಿನಗಳಲ್ಲಿ ದೇಶದ ಬಹುಭಾಗದಲ್ಲಿ ವಾಯುಭಾರ ವಾಡಿಕೆಗಿಂತ ಹೆಚ್ಚಾಗಿದ್ದುದನ್ನು ಗಮನಿಸಿದರು. ಇದು ಇಲ್ಲಿಗಷ್ಟೇ ಸೀಮಿತವೋ ಎಂಬ ಸಂಶಯದಿಂದ ಬೇರೆ ದೇಶಗಳ ವೀಕ್ಷಣಾಲಯಗಳಿಗೂ ಬರೆದು ಅಲ್ಲಿನ ಅಂಕಿಗಳನ್ನು ಕೇಳಿದರು. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿದ್ದ ಚಾರ್ಲ್ಸ್ ಟಾಡ್ ತಮ್ಮಲ್ಲೂ ವಾಯುಭಾರ ಹೆಚ್ಚಾಗಿತ್ತೆಂಬುದನ್ನು ಕಂಡುಕೊಂಡರು, ಮತ್ತು 1888ರಲ್ಲಿ ಭಾರತದ ಬರಗಳೂ ಆಸ್ಟ್ರೇಲಿಯಾದ ಬರಗಳೂ ಜೊತೆಜೊತೆಯಾಗಿ ಬರುತ್ತಿವೆಯೆಂದು ತೋರಿಸಿದರು. ಅಂತಾರಾಷ್ಟ್ರೀಯ ವೈಜ್ಞಾನಿಕ ಸಹಕಾರವೆಂದರೆ ದೊಡ್ಡ ಸಮ್ಮೇಳನಗಳೇ ಮನಸ್ಸಿಗೆ ಬರುತ್ತವೆ. ಮುಂಗಾರಿನ ಮಟ್ಟಿಗೆ ಅದು ಆರಂಭವಾದದ್ದು ಹೀಗೆ, ಅಂಕಿಗಳನ್ನು ಕೇಳಿ ಬರೆದ ಪತ್ರಗಳಿಂದ.

1904ರಲ್ಲಿ ಇಲಾಖೆಯ ಹೊಣೆ ಹೊತ್ತ ಗಿಲ್ಬರ್ಟ್ ವಾಕರ್ ಗಣಿತಜ್ಞರು. ಹವಾಮಾನಶಾಸ್ತ್ರ ಅವರು ಕಲಿತ ವಿದ್ಯೆಯಾಗಿರಲಿಲ್ಲ. ಕಾರಣಗಳ ತರ್ಕವನ್ನು ಬದಿಗಿಟ್ಟು ಅವರು ಹಲವು ಖಂಡಗಳ ವೀಕ್ಷಣಾಲಯಗಳಿಂದ ವಾಯುಭಾರ, ಮಳೆ, ಉಷ್ಣಾಂಶದ ದಾಖಲೆಗಳನ್ನು ತರಿಸಿಕೊಂಡು, ಯಾವುದರ ಏರಿಳಿತ ಯಾವುದರೊಂದಿಗೆ ಹೊಂದುತ್ತದೆಯೆಂದು ಗುಮಾಸ್ತರಿಂದ ಕೈಲೆಕ್ಕ ಹಾಕಿಸಿದರು. ಪೆಸಿಫಿಕ್‌ನ ಕಡೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಕಡೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ ಎಂಬುದು ಆ ಲೆಕ್ಕದಿಂದ ಹೊರಬಿತ್ತು. ಅದಕ್ಕೆ ಅವರು ಸದರ್ನ್ ಆಸಿಲೇಶನ್ ಎಂದು ಹೆಸರಿಟ್ಟರು. ಕಾರಣ ತಿಳಿಯಲು 1969ರವರೆಗೆ ಕಾಯಬೇಕಾಯಿತು. ಆ ವರ್ಷ ಜಾಕೋಬ್ ಬ್ಯರ್ಕ್ನೆಸ್ ಈ ಏರಿಳಿತವನ್ನು ಪೆಸಿಫಿಕ್ ನೀರಿನ ಬಿಸಿಯೊಂದಿಗೆ ಜೋಡಿಸಿದರು. ಸಾಮಾನ್ಯ ವರ್ಷಗಳಲ್ಲಿ ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಬೆಚ್ಚನೆಯ ನೀರನ್ನು ಇಂಡೊನೇಷ್ಯಾದ ಕಡೆಗೆ ತಳ್ಳುತ್ತವೆ, ಅಲ್ಲಿ ಗಾಳಿ ಮೇಲೇರಿ ಮೋಡ ಕಟ್ಟುತ್ತದೆ. ಎಲ್ ನಿನೊ ವರ್ಷಗಳಲ್ಲಿ ಆ ಮಾರುತಗಳು ಸಡಿಲಗೊಂಡು ಬೆಚ್ಚನೆಯ ನೀರು ಪೆರುವಿನ ಕಡೆಗೆ ಹರಡಿಕೊಳ್ಳುತ್ತದೆ, ಅದರೊಂದಿಗೆ ಗಾಳಿ ಮೇಲೇರುವ ಜಾಗವೂ ಪೂರ್ವಕ್ಕೆ ಸರಿಯುತ್ತದೆ, ನಮ್ಮ ಭಾಗದಲ್ಲಿ ಗಾಳಿ ಕೆಳಗಿಳಿಯತೊಡಗಿ ಮೋಡ ಕಟ್ಟುವುದು ಕಡಿಮೆಯಾಗುತ್ತದೆ. ಹೀಗೆಂದು ಎಲ್ ನಿನೊ ಬಂದ ವರ್ಷವೆಲ್ಲ ಬರವೇ ಎಂದು ತೀರ್ಮಾನಿಸುವಂತಿಲ್ಲ. ಅದರ ಮಾತು ಮುಂದಿನ ಉತ್ತರದಲ್ಲಿ ಬರುತ್ತದೆ.

ಪ್ರಶ್ನೆ: ನಾನು ಮೆಲ್ಬರ್ನ್‌ನಲ್ಲಿ ನೆಲೆಸಿರುವ ಹುಬ್ಬಳ್ಳಿಯವಳು. 2019ರ ಆಗಸ್ಟಿನಲ್ಲಿ ಊರಿನ ಕಡೆ ನೆರೆ, ಅದೇ ವರ್ಷದ ಕೊನೆಗೆ ಇಲ್ಲಿ ಭಾರೀ ಕಾಡ್ಗಿಚ್ಚು. ಟಾಡ್ ಅವರ ಕಾಲದಲ್ಲಿ ಎರಡೂ ಕಡೆ ಒಟ್ಟಿಗೆ ಬರ ಬರುತ್ತಿತ್ತೆಂದು ಓದಿದ್ದೇನೆ. ಹಾಗಾದರೆ ಈ ಸಲ ಅಲ್ಲಿ ನೆರೆ, ಇಲ್ಲಿ ಬರ ಆದದ್ದು ಹೇಗೆ?
— ಓದುಗರೊಬ್ಬರು, ಆಸ್ಟ್ರೇಲಿಯಾ

ಉತ್ತರ: ಇದಕ್ಕೆ ಉತ್ತರ 1997ರ ಒಂದು ಒಗಟಿನಿಂದ ಬಂದದ್ದು. ಆ ವರ್ಷದ ಎಲ್ ನಿನೊ ಇಪ್ಪತ್ತನೇ ಶತಮಾನದ ಅತ್ಯಂತ ಪ್ರಬಲವಾದವುಗಳಲ್ಲಿ ಒಂದು. ಭಾರತಕ್ಕೆ ಬರ ಖಚಿತವೆಂದು ಹಲವರು ಅಂಜಿದ್ದರು. ಆದರೆ ಮುಂಗಾರು ವಾಡಿಕೆಯಷ್ಟೇ ಆಯಿತು. ಇದಾದ ಎರಡು ವರ್ಷಕ್ಕೆ, 1999ರಲ್ಲಿ, ಎನ್. ಎಚ್. ಸಾಜಿ, ಬಿ. ಎನ್. ಗೋಸ್ವಾಮಿ, ಪಿ. ಎನ್. ವಿನಯಚಂದ್ರನ್ ಮತ್ತು ಜಪಾನಿನ ತೊಶಿಯೊ ಯಮಗಾಟಾ ಸೇರಿ ಹಿಂದೂ ಮಹಾಸಾಗರದಲ್ಲಿಯೇ ಅಂಥದೊಂದು ಏರಿಳಿತವಿದೆಯೆಂದು ತೋರಿಸಿದರು. ಇವರಲ್ಲಿ ಗೋಸ್ವಾಮಿಯವರು ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಕೆಲವು ವರ್ಷ ಆಫ್ರಿಕಾದ ಕಡೆಯ ನೀರು ವಾಡಿಕೆಗಿಂತ ಬಿಸಿಯಾಗಿಯೂ ಸುಮಾತ್ರಾದ ಕಡೆಯ ನೀರು ತಂಪಾಗಿಯೂ ಇರುತ್ತದೆ. ಇದನ್ನು ಧನಾತ್ಮಕ ಡೈಪೋಲ್ ಎನ್ನುತ್ತಾರೆ. 1997ರಲ್ಲೂ ಹೀಗೆಯೇ ಆಗಿತ್ತು. ಆಗ ಪೂರ್ವ ಆಫ್ರಿಕಾದಲ್ಲಿ ಮಳೆ ಹೆಚ್ಚುತ್ತದೆ, ಭಾರತದ ಮುಂಗಾರಿಗೂ ಅದು ಸಾಮಾನ್ಯವಾಗಿ ಅನುಕೂಲವೇ. ಇಂಡೊನೇಷ್ಯಾ, ಆಸ್ಟ್ರೇಲಿಯಾಗಳ ಪಾಲಿಗೆ ಮಾತ್ರ ಒಣಹವೆ. 2019ರ ಡೈಪೋಲ್ ಅಸಾಧಾರಣವಾಗಿ ಬಲವಾಗಿತ್ತು. ಉತ್ತರ ಕರ್ನಾಟಕದ ನೆರೆಗೆ ಅದೊಂದೇ ಕಾರಣವೆಂದು ಹೇಳಲಾಗದು, ಏಕೆಂದರೆ ಕೃಷ್ಣಾ ಕಣಿವೆಯಲ್ಲಿ ಕೆಲವೇ ದಿನಗಳಲ್ಲಿ ಸುರಿದ ಮಳೆಗೂ ಅಣೆಕಟ್ಟುಗಳ ನೀರಿನ ನಿರ್ವಹಣೆಗೂ ಅದರಲ್ಲಿ ಪಾಲಿದೆ. ಆದರೆ ಒಟ್ಟಾರೆ ಆ ವರ್ಷದ ಗಾಳಿ ಮೋಡಗಳ ವಾಲಿಕೆಯನ್ನು ತೀರ್ಮಾನಿಸಿದ್ದರಲ್ಲಿ ಅದರ ಪಾತ್ರ ದೊಡ್ಡದು.

ಪ್ರಶ್ನೆ: ಪರಸ್ಪರ ಮುಖ ನೋಡದ ದೇಶಗಳು ಮಾಹಿತಿಯನ್ನು ಹಂಚಿಕೊಳ್ಳುತ್ತವೆಯೆಂದರೆ ನಂಬುವುದು ಕಷ್ಟ. ಜಗಳ ಬಂದಾಗ ಮೊದಲು ನಿಲ್ಲುವುದು ಇದೇ ಅಲ್ಲವೇ?
— ಕಾಲೇಜು ಅಧ್ಯಾಪಕರು, ದಾವಣಗೆರೆ

ಉತ್ತರ: ನಿಂತದ್ದುಂಟು. ಎರಡನೆಯ ಮಹಾಯುದ್ಧದಲ್ಲಿ ಹವಾಮಾನದ ವರದಿ ಶಸ್ತ್ರಾಸ್ತ್ರದಷ್ಟೇ ಗುಟ್ಟಿನ ವಸ್ತುವಾಗಿತ್ತು. ಆದರೆ ಯುದ್ಧದ ನಂತರ ನಡೆದದ್ದು ಸ್ವಾರಸ್ಯಕರ. 1873ರ ವಿಯೆನ್ನಾ ಸಭೆಯಿಂದ ಆರಂಭವಾಗಿದ್ದ ಹಳೆಯ ಒಕ್ಕೂಟದ ಜಾಗಕ್ಕೆ 1950ರ ಮಾರ್ಚ್ 23ರಂದು ವಿಶ್ವ ಹವಾಮಾನ ಸಂಸ್ಥೆ ಬಂದಿತು. ಶೀತಲ ಸಮರ ಬಿಸಿಯಾಗಿದ್ದ 1963ರಲ್ಲಿ ಅದರ ಸದಸ್ಯ ರಾಷ್ಟ್ರಗಳು ವರ್ಲ್ಡ್ ವೆದರ್ ವಾಚ್ ಎಂಬ ವ್ಯವಸ್ಥೆಗೆ ಒಪ್ಪಿಗೆ ಕೊಟ್ಟವು. ಅದರ ಮೂರು ಜಾಗತಿಕ ಕೇಂದ್ರಗಳು ವಾಷಿಂಗ್ಟನ್, ಮಾಸ್ಕೊ ಮತ್ತು ಮೆಲ್ಬರ್ನ್. ಕ್ಷಿಪಣಿಗಳನ್ನು ಒಬ್ಬರ ಮೇಲೊಬ್ಬರು ಗುರಿಯಿಟ್ಟಿದ್ದ ಎರಡು ರಾಜಧಾನಿಗಳು ಅದೇ ಹೊತ್ತಿನಲ್ಲಿ ವಾಯುಭಾರದ ಅಂಕಿಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದವು.

ಇದನ್ನು ಔದಾರ್ಯವೆಂದು ಭಾವಿಸಬೇಕಾಗಿಲ್ಲ. ಗಾಳಿ ಬರುವ ದಿಕ್ಕಿನಲ್ಲಿರುವವನ ಅಳತೆ ಸಿಗದೆ ಯಾರಿಗೂ ನಾಳೆಯ ಹವಾಮಾನ ತಿಳಿಯದು, ಮತ್ತು ಭೂಮಿಯ ಮೇಲೆ ಪ್ರತಿಯೊಬ್ಬನಿಗೂ ಗಾಳಿ ಬರುವ ದಿಕ್ಕಿನಲ್ಲಿ ಇನ್ನೊಬ್ಬನಿದ್ದಾನೆ. ನನ್ನ ದೃಷ್ಟಿಯಲ್ಲಿ ಈ ವ್ಯವಸ್ಥೆ ಬಾಳಿರುವುದಕ್ಕೆ ಸದಾಶಯಕ್ಕಿಂತ ಶಿಸ್ತು ಹೆಚ್ಚಿನ ಕಾರಣ: ಎಲ್ಲರೂ ಒಂದೇ ಹೊತ್ತಿಗೆ, ಒಂದೇ ಬಗೆಯಲ್ಲಿ ಅಳೆಯಬೇಕು, ಅಳೆದದ್ದನ್ನು ಕೂಡಲೇ ಕಳುಹಿಸಬೇಕು. ಬೆಂಗಳೂರು, ಮಂಗಳೂರುಗಳಿಂದ ಮೇಲೇರುವ ಹವಾಮಾನ ಬಲೂನುಗಳು ಲೆಕ್ಕಕ್ಕೆ ಹಿಡಿಯುವ ಗಳಿಗೆ ನಮ್ಮ ಗಡಿಯಾರದಲ್ಲಿ ಐದೂವರೆ. ಗ್ರೀನಿಚ್‌ನ ಗಡಿಯಾರದಲ್ಲಿ ಆಗ ನಡುರಾತ್ರಿ ಅಥವಾ ನಡುಮಧ್ಯಾಹ್ನ. ಜಗತ್ತಿನ ಉಳಿದ ಕೇಂದ್ರಗಳದೂ ಅದೇ ಗಳಿಗೆ.

ನಮ್ಮ ಸುತ್ತಲಿನ ಉದಾಹರಣೆಯನ್ನೇ ನೋಡಬಹುದು. ಬಂಗಾಳ ಕೊಲ್ಲಿ, ಅರಬ್ಬೀ ಸಮುದ್ರಗಳಲ್ಲಿ ಏಳುವ ಚಂಡಮಾರುತಗಳ ಬಗ್ಗೆ 13 ದೇಶಗಳಿಗೆ ಸಲಹೆ ಕೊಡುವ ಹೊಣೆ ದೆಹಲಿಯ ಹವಾಮಾನ ಇಲಾಖೆಯದು; ಆ ಪಟ್ಟಿಯಲ್ಲಿ ಪಾಕಿಸ್ತಾನವೂ ಇದೆ, ಇರಾನ್, ಸೌದಿ ಅರೇಬಿಯಾಗಳೂ ಇವೆ. ಚಂಡಮಾರುತಗಳ ಹೆಸರುಗಳನ್ನೂ ಈ ದೇಶಗಳೇ ಸರದಿಯಂತೆ ಕೊಡುತ್ತವೆ. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯನ್ನು ನಡುಗಿಸಿದ ತೌಕ್ತೆಗೆ ಹೆಸರು ಕೊಟ್ಟದ್ದು ಮ್ಯಾನ್ಮಾರ್.

ಪ್ರಶ್ನೆ: ನೆಲದ ಮೇಲೆ ವೀಕ್ಷಣಾಲಯ ಕಟ್ಟಬಹುದು. ಸಾವಿರಾರು ಕಿಲೋಮೀಟರ್ ಸಮುದ್ರದ ಒಳಗಿನ ಬಿಸಿಯನ್ನು ದಿನವೂ ಅಳೆಯುವವರು ಯಾರು?
— ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಹಡಗುಗಳೇ ಗತಿಯಾಗಿದ್ದವು. 1959ರಿಂದ 65ರವರೆಗೆ ನಡೆದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾನದಲ್ಲಿ ಹಲವು ದೇಶಗಳ 40ಕ್ಕೂ ಹೆಚ್ಚು ಹಡಗುಗಳು ಪಾಲ್ಗೊಂಡಿದ್ದವು. ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ 1966ರಲ್ಲಿ ಹುಟ್ಟಿದ್ದು ಅದರ ಬೆನ್ನಿಗೇ. 1979ರ ಮೊನೆಕ್ಸ್ ಪ್ರಯೋಗದಲ್ಲಿ ಸೋವಿಯತ್ ಹಡಗುಗಳೂ ಅಮೆರಿಕದ ವಿಮಾನಗಳೂ ನಮ್ಮ ಮುಂಗಾರನ್ನು ಒಟ್ಟಿಗೆ ಅಳೆದವು. ಆದರೆ ಯಾನ ಮುಗಿದೊಡನೆ ಅಳತೆಯೂ ಮುಗಿಯುತ್ತಿತ್ತು.

ಈಗಿನ ಉತ್ತರ ಆರ್ಗೋ. ಆಳೆತ್ತರಕ್ಕೆ ತುಸು ಹೆಚ್ಚುಕಡಿಮೆ ಇರುವ ಈ ಕೊಳವೆಯಾಕಾರದ ತೇಲು ಯಂತ್ರ ಸುಮಾರು 1,000 ಮೀಟರ್ ಆಳದಲ್ಲಿ ಪ್ರವಾಹದೊಂದಿಗೆ ಸಾಗುತ್ತಿರುತ್ತದೆ. ಹತ್ತು ದಿನಕ್ಕೊಮ್ಮೆ 2,000 ಮೀಟರ್‌ವರೆಗೆ ಇಳಿದು, ತನ್ನೊಳಗಿನ ಎಣ್ಣೆಯನ್ನು ಹೊರಚೀಲಕ್ಕೆ ತಳ್ಳಿ ಗಾತ್ರ ಹಿಗ್ಗಿಸಿಕೊಂಡು ಮೇಲೇರುತ್ತದೆ. ದಾರಿಯುದ್ದಕ್ಕೂ ನೀರಿನ ಬಿಸಿಯನ್ನೂ ಉಪ್ಪಿನಂಶವನ್ನೂ ಅಳೆದು, ಮೇಲೆ ಬಂದಾಗ ಉಪಗ್ರಹಕ್ಕೆ ಒಪ್ಪಿಸುತ್ತದೆ. 1999ರಲ್ಲಿ ಮೊದಲ ಯಂತ್ರಗಳು ನೀರಿಗಿಳಿದವು. ಈಗ ಸುಮಾರು 4,000 ಯಂತ್ರಗಳು ಕೆಲಸ ಮಾಡುತ್ತಿವೆ. ಭಾರತದ ಪಾಲನ್ನು ಹೈದರಾಬಾದಿನ ಇಂಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ನೋಡಿಕೊಳ್ಳುತ್ತದೆ. ಯಾವ ದೇಶ ಬಿಟ್ಟ ಯಂತ್ರವಾದರೂ ಅದರ ಅಳತೆ ಸುಮಾರು ಒಂದು ದಿನದೊಳಗೆ ಎಲ್ಲರಿಗೂ ಉಚಿತವಾಗಿ ಸಿಗಬೇಕೆಂಬುದು ನಿಯಮ, ಆದ್ದರಿಂದ ನೀವು ಧಾರವಾಡದಲ್ಲಿ ಕುಳಿತೇ ಅದನ್ನು ಇಳಿಸಿಕೊಂಡು ನಕ್ಷೆ ಬರೆಯಬಹುದು. ಯಂತ್ರವೊಂದು ಬೇರೆ ದೇಶದ ಆರ್ಥಿಕ ವಲಯದೊಳಕ್ಕೆ, ಅಂದರೆ ಆ ದೇಶಕ್ಕೆ ಹಕ್ಕಿರುವ ಕಡಲಿನೊಳಕ್ಕೆ, ತೇಲಿಹೋಗುವ ಸಂಭವವಿದ್ದರೆ ಆ ದೇಶಕ್ಕೆ ಮುಂಚಿತವಾಗಿ ತಿಳಿಸಬೇಕೆಂಬ ಇನ್ನೊಂದು ನಿಯಮವೂ ಇದೆ. ಸಮುದ್ರದ ಅಳತೆ ಬೇಹುಗಾರಿಕೆಯೂ ಆಗಬಹುದೆಂಬ ಅಳುಕು ಆಧಾರವಿಲ್ಲದ್ದಲ್ಲ.

ಆರ್ಗೋ ತಲುಪದ ಕೆಲಸಕ್ಕೆ, ಅಂದರೆ ಒಂದೇ ಜಾಗದಲ್ಲಿ ಗಾಳಿಯನ್ನೂ ನೀರನ್ನೂ ಗಂಟೆಗಂಟೆಗೆ ಅಳೆಯುವುದಕ್ಕೆ, ಲಂಗರು ಹಾಕಿದ ಮಾಪಕಗಳು ಬೇಕು. ಹಿಂದೂ ಮಹಾಸಾಗರದಲ್ಲಿ ಭಾರತ, ಅಮೆರಿಕ, ಜಪಾನ್, ಇಂಡೊನೇಷ್ಯಾ ಮೊದಲಾದ ದೇಶಗಳು 2004ರಿಂದ ರಾಮಾ ಎಂಬ ಹೆಸರಿನಲ್ಲಿ ಇವುಗಳ ಸಾಲೊಂದನ್ನು ಕಟ್ಟುತ್ತಿವೆ. ಮೂಲ ಯೋಜನೆಯಂತೆ 46 ಮಾಪಕಗಳಿರಬೇಕಿತ್ತು. ಸೊಮಾಲಿಯಾದ ಕಡಲ್ಗಳ್ಳರ ಕಾಟ ಪಶ್ಚಿಮದ ಕೆಲಸವನ್ನು ವರ್ಷಗಟ್ಟಲೆ ತಡೆಯಿತು; ಉಳಿದ ಕಡೆ ಮಾಪಕದ ಸುತ್ತ ಮೀನು ಸೇರುತ್ತದೆಯೆಂದು ದೋಣಿಗಳನ್ನು ಅದಕ್ಕೇ ಕಟ್ಟಿ ಬಲೆ ಬೀಸುವವರಿಂದ ಆದ ಹಾನಿಯೂ ಸಣ್ಣದಲ್ಲ. ಪೆಸಿಫಿಕ್‌ನ ಇಂಥದೇ ಸಾಲಿಗೆ ಒದಗಿದ ಪೆಟ್ಟು ಬೇರೆ ಬಗೆಯದು: ಅದನ್ನು ನೋಡಿಕೊಳ್ಳುತ್ತಿದ್ದ ಅಮೆರಿಕದ ಹಡಗನ್ನು ಹಣದ ಕೊರತೆಯಿಂದ 2012ರಲ್ಲಿ ಸೇವೆಯಿಂದ ತೆಗೆದದ್ದೇ ತಡ, ದುರಸ್ತಿ ನಿಂತು, 2014ರ ಹೊತ್ತಿಗೆ ಬರಬೇಕಾದ ಅಳತೆಗಳಲ್ಲಿ ಸುಮಾರು 40 ಶೇಕಡಾ ಮಾತ್ರ ಬರುತ್ತಿದ್ದವು. ಚಳ್ಳಕೆರೆಯ ರೈತರ ಮುನ್ಸೂಚನೆಗೆ ಹವಾಯಿಯ ಹೊನೊಲುಲು ಬಂದರಿನಲ್ಲಿ ನಿಂತ ಆ ಹಡಗೂ ತೊಡಕಾಗಬಹುದೆಂಬುದು ಉತ್ಪ್ರೇಕ್ಷೆಯಲ್ಲ. ರಾಜಕೀಯ ದ್ವೇಷಕ್ಕಿಂತ ಈ ಬಗೆಯ ಆಯವ್ಯಯದ ಕತ್ತರಿಯೇ ಇಂದು ಹೆಚ್ಚು ಅಪಾಯಕಾರಿ. 2025ರಲ್ಲಿ ಅಮೆರಿಕದ ಹವಾಮಾನ ಸೇವೆ ಸಿಬ್ಬಂದಿಯ ಕೊರತೆಯಿಂದ ತನ್ನ ಕೆಲವು ಕೇಂದ್ರಗಳಲ್ಲಿ ಬಲೂನು ಬಿಡುವುದನ್ನೇ ಕಡಿಮೆ ಮಾಡಿತು.

ಪ್ರಶ್ನೆ: ಇದರಲ್ಲೆಲ್ಲ ಭಾರತ ಪಡೆಯುವ ದೇಶವೋ, ಕೊಡುವ ದೇಶವೋ?
— ನಿವೃತ್ತ ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಎರಡೂ ಹೌದು, ಆದರೆ ಕೊಡುವುದರಲ್ಲಿ ನಾವು ಸದಾ ಮುಂದಿದ್ದೆವೆಂದು ಹೇಳಲಾರೆ. 1980ರ ದಶಕದಲ್ಲಿ ಇನ್ಸಾಟ್ ಉಪಗ್ರಹಗಳು ಹಿಂದೂ ಮಹಾಸಾಗರದ ಮೋಡಗಳನ್ನು ನೋಡುತ್ತಿದ್ದರೂ ಅವುಗಳ ಮೂಲ ಮಾಹಿತಿ ಹೊರಗಿನವರಿಗೆ ಸುಲಭವಾಗಿ ದೊರೆಯುತ್ತಿರಲಿಲ್ಲ. ಅತ್ತ ಕಡೆಯಿಂದಲೂ ಬಿಗಿತನವಿತ್ತು: ಹವಾಮಾನದ ಲೆಕ್ಕಕ್ಕೆಂದು ಭಾರತ ಕೇಳಿದ ಕ್ರೇ ಸೂಪರ್ ಕಂಪ್ಯೂಟರನ್ನು ಕೊಡದೆ, ಅದಕ್ಕಿಂತ ಕಡಿಮೆ ಸಾಮರ್ಥ್ಯದ್ದನ್ನು ಅಮೆರಿಕ ಕರಾರುಗಳೊಂದಿಗೆ ಒಪ್ಪಿಸಿತು. ಆ ಕಾಲ ಕಳೆದಿದೆ. 2009ರಲ್ಲಿ ಹಾರಿಸಿದ ಓಷನ್‌ಸ್ಯಾಟ್-2 ಉಪಗ್ರಹ ಅಳೆದ ಕಡಲ ಗಾಳಿಯ ಮಾಹಿತಿಯನ್ನು ಅಮೆರಿಕ, ಯುರೋಪುಗಳ ಹವಾಮಾನ ಸಂಸ್ಥೆಗಳೂ ಬಳಸಿಕೊಂಡವು. 2016ರ ಮುಂಗಾರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ ಸೇರಿ ನಮ್ಮ ಸಿಂಧು ಸಾಧನಾ ಹಡಗಿನಿಂದ ಬಂಗಾಳ ಕೊಲ್ಲಿಯ ದಕ್ಷಿಣ ಭಾಗವನ್ನು ಅಳೆದವು. ಹಡಗು ನಮ್ಮದು, ನೀರೊಳಗೆ ತಾವೇ ಈಜುವ ಗ್ಲೈಡರುಗಳು ಅವರವು. ಇತ್ತ, ಋತುವಿನ ಮುನ್ಸೂಚನೆಗೆ ಪುಣೆಯಲ್ಲಿ ಪಳಗಿಸಿಕೊಂಡ ಗಣಿತ ಮಾದರಿಯ ಮೂಲ ಅಮೆರಿಕದ್ದು. ಎರವಲು ತಂದದ್ದಕ್ಕೆ ನಾಚಬೇಕಾಗಿಲ್ಲ, ತಿದ್ದಿಕೊಂಡದ್ದಕ್ಕೆ ಮೆಚ್ಚುಗೆ ಸಲ್ಲಬೇಕು.

ಪ್ರಶ್ನೆ: ಇಷ್ಟೆಲ್ಲ ಇದ್ದರೂ ನಮ್ಮ ಹೋಬಳಿಯ ಮಳೆ ಮಾತ್ರ ಹೇಳಿದಂತೆ ಬರುವುದಿಲ್ಲ. ಏಕೆ?
— ಓದುಗರೊಬ್ಬರು, ಹಿರಿಯೂರು

ಉತ್ತರ: ಏಪ್ರಿಲ್ ತಿಂಗಳ ಮುನ್ಸೂಚನೆ ಇಡೀ ದೇಶದ ನಾಲ್ಕು ತಿಂಗಳ ಮೊತ್ತವನ್ನು ಹೇಳುತ್ತದೆ, ಅದರಿಂದ ಹೋಬಳಿಯ ಮಳೆಯನ್ನು ಊಹಿಸುವುದು ಸರಿಯಲ್ಲ. ಬಯಲುಸೀಮೆಯ ಗುಡುಗುಮಳೆಯ ಮೋಡದ ಅಗಲ ಕೆಲವೇ ಕಿಲೋಮೀಟರ್. ಲೆಕ್ಕದ ಜಾಲದ ಒಂದೊಂದು ಮನೆಯ ಅಗಲವೇ ಇತ್ತೀಚಿನವರೆಗೆ ಸುಮಾರು 12 ಕಿಲೋಮೀಟರ್ ಇತ್ತು, 2025ರಲ್ಲಿ ಬಳಕೆಗೆ ಬಂದ ಹೊಸ ಭಾರತೀಯ ಮಾದರಿಯಲ್ಲಿ ಅದು 6 ಕಿಲೋಮೀಟರ್. ಬಿತ್ತನೆಯ ತೀರ್ಮಾನಕ್ಕೆ ಋತುವಿನ ಮುನ್ಸೂಚನೆಯನ್ನು ಬದಿಗಿಟ್ಟು, ಮುಂದಿನ ನಾಲ್ಕೈದು ದಿನಗಳ ಮುನ್ಸೂಚನೆಯನ್ನೂ, ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳಿಂದ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಕೊಡುವ ವರದಿಯನ್ನೂ ನೋಡಿಕೊಳ್ಳುವುದು ಒಳ್ಳೆಯದು.