81 ವರ್ಷದ ತಂದೆಗೆ ಒಬ್ಬ ಡಾಕ್ಟರ್ ಪೇಸ್‌ಮೇಕರ್ ಅಂತಾರೆ, ಇನ್ನೊಬ್ರು ಐಸಿಡಿ ಅಂತಾರೆ. ಈ ವಯಸ್ಸಲ್ಲಿ ಹಾಕಿಸಿದ್ರೆ ಉಪಯೋಗ ಇದ್ಯಾ, ಎಷ್ಟು ವರ್ಷ ಬರುತ್ತೆ?

ನಾನು ಡಾಕ್ಟರ್ ಅಲ್ಲ, ಬೆಂಗಳೂರಿನ ಒಂದು ಆಸ್ಪತ್ರೇಲಿ ಪೇಸ್‌ಮೇಕರ್ ಚೆಕಪ್ ರೂಮಿನ ಟೆಕ್ನಿಶಿಯನ್. ಹಾಕಿಸ್ಕೊಂಡವರು ಆರು ತಿಂಗಳಿಗೋ ವರ್ಷಕ್ಕೋ ಒಂದ್ಸಲ ಬರ್ತಾರೆ, ಬ್ಯಾಟರಿ ಎಷ್ಟಿದೆ, ವೈರ್ ಸರಿಯಿದ್ಯಾ, ಹೃದಯ ತಾನಾಗೇ ಎಷ್ಟು ಬಡೀತು ಮಷಿನ್ ಎಷ್ಟು ಬಡಿಸ್ತು ಅಂತ ನೋಡಿ ಪ್ರಿಂಟ್ ತೆಗೆದು ಡಾಕ್ಟರ್ ಮುಂದೆ ಇಡೋದು ನನ್ನ ಕೆಲಸ. ಹಾಗಾಗಿ ಆಪರೇಷನ್ ದಿನಕ್ಕಿಂತ ಅದಾಗಿ ಐದು ವರ್ಷ ಹತ್ತು ವರ್ಷ ಆದ್ಮೇಲೆ ಏನಾಗುತ್ತೆ ಅನ್ನೋದೇ ನಂಗೆ ಜಾಸ್ತಿ ಗೊತ್ತು.

ಮೊದಲು ಒಂದು ವಿಷಯ, ಇವೆರಡನ್ನೂ ಒಂದೇ ತಕ್ಕಡೀಲಿ ಹಾಕಿ ತೂಗಬೇಡಿ. ನೋಡೋಕೆ ಎರಡೂ ಎದೆ ಚರ್ಮದ ಕೆಳಗಿನ ಡಬ್ಬೀನೇ, ಆದ್ರೆ ಪೇಸ್‌ಮೇಕರ್ ಇರೋದು ಬಡಿತ ನಿಧಾನ ಆದಾಗ ಬಡಿಸೋಕೆ, ಐಸಿಡಿ ಇರೋದು ಬಡಿತ ಸಿಕ್ಕಾಪಟ್ಟೆ ವೇಗವಾಗಿ ಪ್ರಾಣಕ್ಕೆ ಬಂದಾಗ ಒಳಗಿಂದಾನೇ ಶಾಕ್ ಕೊಡೋಕೆ.

ಪೇಸ್‌ಮೇಕರ್ ಬೇಕು ಅಂತ ಕಂಡಿದ್ರೆ 81 ಆಯ್ತು ಅನ್ನೋ ಒಂದೇ ಕಾರಣಕ್ಕೆ ಬೇಡ ಅನ್ನಬೇಡಿ. ಕಂಪ್ಲೀಟ್ ಹಾರ್ಟ್ ಬ್ಲಾಕ್, ಅಂದ್ರೆ ಮೇಲಿನ ಕೋಣೆಯ ಕರೆಂಟ್ ಕೆಳ ಕೋಣೆಗೆ ತಲುಪದೇ ಇರೋದು, ಆಗಿದ್ರೆ ಅದಿಲ್ದೆ ಬದುಕೋದೇ ಕಷ್ಟ, ಅಲ್ಲಿ ಯೋಚನೆ ಮಾಡೋಕೆ ಏನೂ ಇಲ್ಲ. ಬಡಿತ ಶುರು ಮಾಡೋ ಜಾಗ, ಸೈನಸ್ ನೋಡ್, ಅದರ ತೊಂದರೆ ಆದ್ರೆ ಆಯಸ್ಸು ಅಷ್ಟೇನೂ ಜಾಸ್ತಿ ಆಗಲ್ಲ, ಆದ್ರೆ ಕಣ್ಣು ಕತ್ತಲೆ ಬಂದು ಬೀಳೋದು ನಿಲ್ಲುತ್ತೆ. ಈ ವಯಸ್ಸಲ್ಲಿ ಬಚ್ಚಲಲ್ಲಿ ಒಂದ್ಸಲ ಬಿದ್ದು ಸೊಂಟ ಮುರ್ಕೊಂಡ್ರೆ ಮನೆ ಪರಿಸ್ಥಿತಿ ಏನಾಗುತ್ತೆ ಅಂತ ನಿಮಗೇ ಗೊತ್ತು. ನಮ್ಮ ಹತ್ರ ಬರೋ ವಯಸ್ಸಾದವರಲ್ಲಿ ಹೆಚ್ಚಿನವರು ತೀರ್ಕೊಳ್ಳೋದು ಕಿಡ್ನಿ, ಶ್ವಾಸಕೋಶ, ಕ್ಯಾನ್ಸರ್ ಹೀಗೆ ಬೇರೆ ಕಾರಣಕ್ಕೆ, ಪೇಸ್‌ಮೇಕರ್ ಕೈಕೊಟ್ಟು ಅಲ್ಲ.

ಬ್ಯಾಟರಿ ಸಾಮಾನ್ಯವಾಗಿ 8ರಿಂದ 12 ವರ್ಷ ಬರುತ್ತೆ, ಎಷ್ಟು ಬಡಿಸ್ತಿದೆ ಅನ್ನೋದರ ಮೇಲೆ ಹೆಚ್ಚುಕಮ್ಮಿ. ಇದ್ದಕ್ಕಿದ್ದ ಹಾಗೆ ನಿಂತೋಗಲ್ಲ, ಬದಲಾಯಿಸೋ ಟೈಮ್ ಬಂತು ಅಂತ ತಿಂಗಳುಗಳ ಮುಂಚೇನೇ ತೋರಿಸುತ್ತೆ. ಆಗ ವೈರ್ ಚೆನ್ನಾಗಿದ್ರೆ ಹಾಗೇ ಬಿಟ್ಟು ಡಬ್ಬಿ ಮಾತ್ರ ಬದಲಾಯಿಸ್ತಾರೆ, ಸಣ್ಣ ಆಪರೇಷನ್, ಆದ್ರೆ ಇನ್‌ಫೆಕ್ಷನ್ ಭಯ ಮೊದಲ ಸಲಕ್ಕಿಂತ ಈ ಸಲ ಸ್ವಲ್ಪ ಜಾಸ್ತಿ. ದೇಹದೊಳಗೆ ಮೊಟ್ಟಮೊದಲು ಪೇಸ್‌ಮೇಕರ್ ಹಾಕಿಸ್ಕೊಂಡ ಸ್ವೀಡನ್ನಿನ ಆರ್ನೆ ಲಾರ್ಸನ್‌ಗೆ 1958ರಲ್ಲಿ ಹಾಕಿದ್ದು ಕೆಲವೇ ಗಂಟೆ ಓಡಿತ್ತು. ಅದೇ ಮನುಷ್ಯ ಆಮೇಲೆ 20ಕ್ಕೂ ಹೆಚ್ಚು ಪೇಸ್‌ಮೇಕರ್ ಬದಲಾಯಿಸ್ಕೊಂಡು 2001ರವರೆಗೆ, 86 ವರ್ಷ ಬದುಕಿದ್ರು, ಕೊನೆಗೆ ಹೋಗಿದ್ದು ಕ್ಯಾನ್ಸರ್‌ನಿಂದ.

ವರ್ಷಗಟ್ಟಲೆ ಆದ್ಮೇಲೆ ಬರೋ ತೊಂದರೆ ಅಂದ್ರೆ, ಬಲಗಡೆ ಕೆಳ ಕೋಣೆಯಿಂದ ಸದಾ ಬಡಿಸ್ತಾ ಇದ್ರೆ ಕೆಲವರಿಗೆ ಹೃದಯದ ಪಂಪಿಂಗ್ ಕಮ್ಮಿ ಆಗ್ತಾ ಬರುತ್ತೆ. ಮೊದಲು ಆರಾಮಾಗಿದ್ದೋರು ಮೂರ್ನಾಲ್ಕು ವರ್ಷ ಆದ್ಮೇಲೆ ಮೆಟ್ಟಿಲು ಹತ್ತಿದ್ರೆ ದಮ್ಮು ಅಂದ್ರೆ ಬ್ಯಾಟರಿ ನೋಡಿಸ್ಕೊಂಡು ಮನೆಗೆ ಹೋಗ್ಬೇಡಿ, ಎಕೋ ಅಂದ್ರೆ ಹೃದಯದ ಸ್ಕ್ಯಾನ್ ಮಾಡಿಸಿ. ಈಗ ಲೆಫ್ಟ್ ಬಂಡಲ್ ಪೇಸಿಂಗ್ ಅಂತ ಹೃದಯದ ಸ್ವಂತ ಕರೆಂಟ್ ದಾರಿಗೇ ವೈರ್ ಕೂರಿಸೋ ವಿಧಾನ ಬಂದಿದೆ, ನಿಮ್ಮ ತಂದೆಗೆ ಆಗುತ್ತಾ ಅಂತ ಮುಂಚೇನೇ ಕೇಳಿ.

ಇನ್ನೊಂದು ತೀರಾ ಚಿಕ್ಕ ವಿಷಯ, ಆದ್ರೆ ನಾನು ಪದೇ ಪದೇ ನೋಡೋದು. ಹೊಸದಾಗಿ ಹಾಕ್ದಾಗ ವೈರ್ ಜಾರಬಾರ್ದು ಅಂತ ಕೆಲವು ವಾರ ಆ ಕಡೆ ಕೈ ಭುಜಕ್ಕಿಂತ ಮೇಲೆ ಎತ್ತಬೇಡಿ ಅಂತಾರೆ. ಅಜ್ಜಂದಿರು ಅದನ್ನ ವೇದವಾಕ್ಯ ಅಂತ ಹಿಡ್ಕೊಂಡು ಆರು ತಿಂಗಳಾದ್ರೂ ಕೈ ಎದೆಗೆ ಒತ್ತಿಕೊಂಡೇ ಬರ್ತಾರೆ, ಶರ್ಟ್ ಬಿಚ್ಚೋಕೆ ಮಗ ಬೇಕು, ಮಷಿನ್ ನೋಡಿದ್ರೆ ಫಸ್ಟ್ ಕ್ಲಾಸ್, ಭುಜ ಮಾತ್ರ ಸೆಟ್ಕೊಂಡಿರುತ್ತೆ. ಮೊದಲ ವಾರದಿಂದ್ಲೇ ಮೊಣಕೈ, ಬೆರಳು ಆಡಿಸೋಕೆ ಹೇಳಿ, ಕೈ ಯಾವಾಗಿಂದ ಎತ್ತಬಹುದು ಅಂತ ಡಿಸ್ಚಾರ್ಜ್ ದಿನಾನೇ ಕೇಳಿ ಬರ್ಕೊಳ್ಳಿ.

ಇನ್ನು ಐಸಿಡಿ. ಯೋಚನೆ ಮಾಡಬೇಕಿರೋದು ಇಲ್ಲೇ. ಈಗಾಗ್ಲೇ ಒಂದ್ಸಲ ಹೃದಯ ನಿಂತು ಬದುಕಿ ಬಂದವರ ಲೆಕ್ಕ ಬೇರೆ. ಅದೇನೂ ಆಗಿಲ್ಲ, ಪಂಪಿಂಗ್ ಅಂದ್ರೆ ಇಎಫ್ ನೂರಕ್ಕೆ 35ಕ್ಕಿಂತ ಕಮ್ಮಿ ಇದೆ, ಮುಂಜಾಗ್ರತೆಗೆ ಹಾಕೋಣ ಅಂತ ಹೇಳ್ತಿದ್ರೆ ಆ ಸಲಹೆ ಹಿಂದೆ 2002ರ ಮ್ಯಾಡಿಟ್-2, 2005ರ ಸ್ಕಾಡ್-ಹೆಫ್ಟ್ ಅನ್ನೋ ದೊಡ್ಡ ಅಧ್ಯಯನಗಳಿವೆ. ಸ್ಕಾಡ್-ಹೆಫ್ಟ್‌ನಲ್ಲಿ ಐದು ವರ್ಷದಲ್ಲಿ ತೀರ್ಕೊಂಡವರು ಐಸಿಡಿ ಇದ್ದೋರಲ್ಲಿ ನೂರಕ್ಕೆ ಸುಮಾರು 29, ಇಲ್ಲದೋರಲ್ಲಿ 36. ಲಾಭ ಇದೆ, ಸುಳ್ಳಲ್ಲ. ಆದ್ರೆ ಅದ್ರಲ್ಲಿದ್ದೋರ ವಯಸ್ಸು ಹೆಚ್ಚುಕಮ್ಮಿ 60ರ ಆಸುಪಾಸು. 2016ರಲ್ಲಿ ಡೆನ್ಮಾರ್ಕಿನಲ್ಲಿ ಹೃದಯದ ರಕ್ತನಾಳದಲ್ಲಿ ಬ್ಲಾಕೇಜ್ ಇಲ್ದೆ ಪಂಪಿಂಗ್ ಬಿದ್ದೋರ ಮೇಲೆ ಮಾಡಿದ ಅಧ್ಯಯನದಲ್ಲಿ ಒಟ್ಟಾರೆ ಸಾವು ಕಮ್ಮಿ ಆಗ್ಲಿಲ್ಲ, ಲಾಭ ಕಂಡಿದ್ದು ಚಿಕ್ಕ ವಯಸ್ಸಿನೋರಲ್ಲಿ, 70 ದಾಟಿದೋರಲ್ಲಿ ಅಲ್ಲ. ಐಸಿಡಿ ತಡೆಯೋದು ಹಠಾತ್ ಸಾವು ಒಂದನ್ನ, ಶಾಕ್ ಕೊಡೋ ಡಬ್ಬಿಯಿಂದ ದಮ್ಮಾಗಲಿ ಕಾಲು ಊತವಾಗಲಿ ಕಮ್ಮಿ ಆಗಲ್ಲ. ಜೊತೆಗೆ ಕಿಡ್ನಿ ಹೋಗಿದೆ, ಹಾಸಿಗೆಯಿಂದ ಏಳೋದೇ ಕಷ್ಟ ಅಂದ್ರೆ ಅದು ಕಾಯ್ತಿರೋ ಸಾವಿಗಿಂತ ಮುಂಚೆ ಬೇರೇದು ಬರುತ್ತೆ. ಹಾಗಂತ 81ರಲ್ಲೂ ದಿನಾ ಪಾರ್ಕ್ ಸುತ್ತೋರು ಇದ್ದಾರೆ, ಅವರಿಗೆ ವಯಸ್ಸು ನೋಡಿ ಬೇಡ ಅನ್ನೋದೂ ತಪ್ಪೇ.

ಶಾಕ್ ಎಚ್ಚರ ಇರೋವಾಗ ಬಂದ್ರೆ ಎದೆಗೆ ಯಾರೋ ಝಾಡಿಸಿ ಒದ್ದ ಹಾಗೆ ಅಂತಾರೆ. ಏಟ್ರಿಯಲ್ ಫಿಬ್ರಿಲೇಶನ್, ಅಂದ್ರೆ ಮೇಲಿನ ಕೋಣೆ ತಾಳ ತಪ್ಪಿ ಬಡಿಯೋದು, ಇದ್ದೋರಿಗೆ ಬೇಡದೇ ಇರೋ ಶಾಕೂ ಬರಬಹುದು, ಸೆಟಿಂಗ್ ಸರಿ ಮಾಡಿದ್ರೆ ತುಂಬಾ ಕಮ್ಮಿ ಆಗುತ್ತೆ, ಹಾಗಾಗಿ ಒಂದು ಬಂದ್ರೂ ಚೆಕಪ್‌ಗೆ ಕರ್ಕೊಂಡು ಬನ್ನಿ.

ಯಾರೂ ಮುಂಚೆ ಹೇಳದೇ ಇರೋದು ಇದು: ಮುಂದೊಂದು ದಿನ ಬೇರೆ ಕಾಯಿಲೆ ಜೋರಾಗಿ ಇನ್ನು ಇಷ್ಟೇ ಅನ್ನೋ ಹಂತ ಬಂದಾಗ ಶಾಕ್ ಆಫ್ ಮಾಡಿಸಬಹುದು. ಕೊಯ್ಯೋದು ಬೇಡ, ಚೆಕಪ್ ರೂಮಿನ ಪ್ರೋಗ್ರಾಮರ್ ಮಷಿನ್‌ನಲ್ಲಿ ಕೆಲವೇ ನಿಮಿಷ, ನಿಧಾನ ಆದಾಗ ಬಡಿಸೋ ಪೇಸಿಂಗ್ ಹೆಚ್ಚಿನ ಐಸಿಡಿಲೂ ಇರುತ್ತೆ, ಅದು ಹಾಗೇ ಉಳಿಯುತ್ತೆ. ಆಫ್ ಮಾಡಿಸದಿದ್ರೆ ಕೊನೆ ಗಂಟೆಗಳಲ್ಲೂ ಶಾಕ್ ಬರೋ ಸಾಧ್ಯತೆ ಇದೆ, ಅದನ್ನ ನೋಡ್ತಾ ನಿಂತ ಮಕ್ಕಳ ಮುಖ ನಾನು ನೋಡಿದೀನಿ. ತಂದೆ ಚೆನ್ನಾಗಿರೋವಾಗ್ಲೇ ಅವರನ್ನೇ ಕೇಳಿ ಇಟ್ಕೊಳ್ಳಿ, ಅವರ ಎದೆ, ಅವರ ತೀರ್ಮಾನ. ಹೇಳೋಕೆ ಮುಜುಗರ, ಆದ್ರೂ ಹೇಳ್ಬೇಕು, ದಹನ ಮಾಡೋ ಪದ್ಧತಿ ಇದ್ರೆ ಅದಕ್ಕೆ ಮುಂಚೆ ಎರಡರಲ್ಲಿ ಯಾವುದೇ ಇದ್ರೂ ತೆಗೆಸಬೇಕು, ಬಿಸಿಗೆ ಬ್ಯಾಟರಿ ಸಿಡಿಯುತ್ತೆ.

ದುಡ್ಡಿನ ವಿಷಯ, ಐಸಿಡಿ ಪೇಸ್‌ಮೇಕರ್‌ಗಿಂತ ಎಷ್ಟೋ ಪಟ್ಟು ದುಬಾರಿ, ಬ್ಯಾಟರಿ ಮುಗಿದಾಗ ಮತ್ತೆ ಅದೇ ಖರ್ಚು. ಆಯುಷ್ಮಾನ್ ಕಾರ್ಡ್ ಇದ್ರೆ ಅಡ್ವಾನ್ಸ್ ಕಟ್ಟೋ ಮುಂಚೆ ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರಲ್ಲಿ ವಿಚಾರಿಸಿ.

ಈಗ ಮಾಡ್ಬೇಕಾಗಿರೋದು, ಇಬ್ಬರು ಡಾಕ್ಟರಿಗೂ ಒಂದೇ ಪ್ರಶ್ನೆ ಕೇಳಿ, ಹಾಕ್ತಿರೋದು ಬಡಿತ ನಿಧಾನ ಅಂತಾನಾ, ಇಎಫ್ ಕಮ್ಮಿ ಅಂತಾನಾ? ಎರಡೂ ಇದ್ದು ಇಸಿಜಿಲಿ ಕ್ಯೂಆರ್‌ಎಸ್, ಅಂದ್ರೆ ಕೆಳ ಕೋಣೆ ಬಡಿಯೋವಾಗಿನ ಗೆರೆ, ಅಗಲ ಆಗಿದ್ರೆ ಸಿಆರ್‌ಟಿ-ಪಿ ಅಂತ ಮೂರನೇ ದಾರಿ ಇದೆ, ಶಾಕ್ ಇಲ್ಲದೇ ಎರಡೂ ಕಡೆ ಬಡಿಸೋದು, ದಮ್ಮು ಕಮ್ಮಿ ಮಾಡೋದು ಅದು. ಎಕೋ ರಿಪೋರ್ಟ್‌ನಲ್ಲಿ ಇಎಫ್ ಎಷ್ಟಿದೆ, ಇಸಿಜಿಲಿ ಕ್ಯೂಆರ್‌ಎಸ್ ಅಗಲ ಎಷ್ಟಿದೆ ತಿಳಿಸಿ, ಡಾಕ್ಟರ್ ಹತ್ರ ಇನ್ನೇನು ಕೇಳಬೇಕು ಅಂತ ಹೇಳ್ತೀನಿ.