ಮಂಡ್ಯದ ಕಬ್ಬಿನ ಬಗ್ಗೆ ಎಂಎ ಎಕನಾಮಿಕ್ಸ್ ಪೇಪರ್ ಬರೀಬೇಕು, ಲೈಬ್ರರೀಲಿ ಎಲ್ಲಿಂದ ಶುರು ಮಾಡೋದು?

ಮಂಡ್ಯದ ಕಬ್ಬು ಅನ್ನೋದು ಟಾಪಿಕ್ ಅಷ್ಟೇ, ಪ್ರಶ್ನೆ ಅಲ್ಲ. ಮೊದ್ಲು ಒಂದು ಸಾಲಿನ ಪ್ರಶ್ನೆ ಮಾಡ್ಕೊಳಿ, ಬೆಲೆ ಏರಿದಾಗ ರೈತ್ರು ಭತ್ತ ಬಿಟ್ಟು ಕಬ್ಬು ಹಾಕ್ತಾರಾ ಅನ್ನೋ ಥರ. ಮಾನಸಗಂಗೋತ್ರಿ ಲೈಬ್ರರಿಗೆ ಹೋಗೋಕ್ ಮುಂಚೆ ಮನೇಲೇ ಶೋಧಗಂಗಾ ಸೈಟಲ್ಲಿ ಇದೇ ವಿಷಯದ ಒಂದು ಪಿಎಚ್‌ಡಿ ಥೀಸಿಸ್ ತೆಗೆದು ಅದರ ಲಿಟರೇಚರ್ ರಿವ್ಯೂ ಓದ್ಬಿಡಿ, ಅಲ್ಲಿ ಸಿಕ್ಕ ಲೇಖಕರ ಹೆಸರುಗಳನ್ನ ಹಿಡ್ಕೊಂಡು ಇಪಿಡಬ್ಲ್ಯೂ (ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ ಪತ್ರಿಕೆ) ಹಳೇ ಸಂಚಿಕೆ ಹುಡುಕಿದ್ರೆ ಅರ್ಧ ಕೆಲಸ ಮುಗಿದಂಗೆ.

ಅಂಕಿಅಂಶಕ್ಕೆ ದಯವಿಟ್ಟು ನ್ಯೂಸ್‌ಪೇಪರ್ ಒಂದನ್ನೇ ನಂಬ್ಬೇಡಿ. ಬೆಲೆಗೆ ಸಿಎಸಿಪಿ (ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗ) ವರದಿ, ಬೆಳೆ ವಿಸ್ತೀರ್ಣಕ್ಕೆ ‘ಜಿಲ್ಲಾ ಅಂಕಿಅಂಶಗಳ ನೋಟ’ ಅನ್ನೋ ಸರ್ಕಾರಿ ಪುಸ್ತಕ. ಇಲ್ಲೇ ತುಂಬಾ ಜನ ಎಡವೋದು: 2009ರವರೆಗೆ ಕಬ್ಬಿಗೆ ಕೇಂದ್ರ ನಿಗದಿ ಮಾಡ್ತಿದ್ದದ್ದು ಎಸ್‌ಎಂಪಿ (ಶಾಸನಬದ್ಧ ಕನಿಷ್ಠ ಬೆಲೆ), ಆಮೇಲೆ ಬಂದಿದ್ದು ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ), ಇದ್ರಲ್ಲಿ ರೈತನ ರಿಸ್ಕು ಮತ್ತೆ ಲಾಭಕ್ಕೂ ಒಂದು ಪಾಲು ಸೇರಿಸ್ತಾರೆ, ಹಂಗಾಗಿ ಎರಡನ್ನೂ ಒಂದೇ ಗ್ರಾಫಲ್ಲಿ ಸುಮ್ನೆ ಜೋಡಿಸಿದ್ರೆ ಆ ವರ್ಷದ ಏರಿಕೆಗೆ ನೀವು ತಪ್ಪು ಕಾರಣ ಬರೀತೀರ. ನೋಟ್ಸಲ್ಲಿ ಪ್ರತಿ ಅಂಕಿ ಪಕ್ಕ ವರದಿ ಹೆಸರು, ವರ್ಷ, ಟೇಬಲ್ ನಂಬರ್ ಅವಾಗ್ಲೇ ಬರ್ಕೊಳಿ. ಸಿಗದೇ ಇದ್ದದ್ದನ್ನ ಲೈಬ್ರರಿಯನ್ ಹತ್ರ ಕೇಳಿ, ಸಂಕೋಚ ಬೇಡ.